ಎರಡನೆಯ ಭಾಷೆ ಮತ್ತು ನಾಲ್ಕೂವರೆ ವರ್ಷ

ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್ ಆಸ್ಪತ್ರೆಯನ್ನು ಅಲ್ಲಿನ ಜನ ನಿಮ್ಸ್ ಅನ್ನುತ್ತಾರೆ. ಅಲ್ಲಿನ ಮೆಮೊರಿ ಕ್ಲಿನಿಕ್ಕಿಗೆ 2006ರಿಂದ 2012ರವರೆಗೆ ಬಂದವರಲ್ಲಿ, ಡಿಮೆನ್ಷಿಯಾ ಇದೆಯೆಂದು ಖಚಿತವಾದ 648 ಜನರ ಕಡತಗಳನ್ನು ನರರೋಗ ತಜ್ಞೆ ಡಾ. ಸುವರ್ಣ ಅಲ್ಲಾಡಿ ಮತ್ತು ಅವರ ತಂಡ ತೆಗೆದು ನೋಡಿತು. ಅವರಲ್ಲಿ 391 ಮಂದಿ ಎರಡೋ ಹೆಚ್ಚೋ ಭಾಷೆ ಆಡುವವರು. ಉಳಿದ 257 ಮಂದಿಗೆ ಒಂದೇ ಭಾಷೆ. ಒಂದೇ ಭಾಷೆಯವರಲ್ಲಿ ಕಾಯಿಲೆಯ ಮೊದಲ ಲಕ್ಷಣ ಕಂಡದ್ದು ಸರಾಸರಿ 61.1ನೇ ವಯಸ್ಸಿಗೆ, ಎರಡು ಭಾಷೆಯವರಲ್ಲಿ 65.6ಕ್ಕೆ. ನಡುವಿನ ಅಂತರ ನಾಲ್ಕೂವರೆ ವರ್ಷ. 2013ರಲ್ಲಿ ಇದು ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಾಡಿಯವರು ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಇವತ್ತು ನಾನು ಮಾತಾಡುವುದು ಹೆಚ್ಚುಕಡಿಮೆ ಈ ಒಂದು ಅಧ್ಯಯನದ ಬಗ್ಗೆಯೇ. ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ, ಅದನ್ನು ಅಳೆದದ್ದು ಹೇಗೆ ಎನ್ನುವುದನ್ನು ನೋಡೋಣ.

ಏನು ಹೇಳುವುದಿಲ್ಲ ಎನ್ನುವುದರಿಂದಲೇ ಶುರು ಮಾಡುತ್ತೇನೆ. ಎರಡು ಭಾಷೆ ಬಂದರೆ ಮರೆವಿನ ಕಾಯಿಲೆ ಬರುವುದಿಲ್ಲ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತದೆ. ದಯವಿಟ್ಟು ಲೆಕ್ಕವನ್ನು ಇನ್ನೊಮ್ಮೆ ನೋಡಿ. ಆ 391 ಜನರಿಗೂ ಡಿಮೆನ್ಷಿಯಾ ಬಂದಿತ್ತು. ಬಂದದ್ದಕ್ಕೇ ಅವರು ಆ ಕ್ಲಿನಿಕ್ಕಿನಲ್ಲಿದ್ದರು. ಎಷ್ಟು ಜನರಿಗೆ ಬರುತ್ತದೆ, ಎಷ್ಟು ಜನರಿಗೆ ಬರುವುದಿಲ್ಲ ಎಂದು ಈ ಅಧ್ಯಯನ ಹೇಳಲಾರದು. ಬಂದವರಲ್ಲಿ ಯಾವಾಗ ಕಾಣಿಸಿಕೊಂಡಿತು ಎಂಬುದನ್ನಷ್ಟೇ ಹೇಳಬಲ್ಲದು. ಈ ವ್ಯತ್ಯಾಸ ಕೈಬಿಟ್ಟರೆ ಮುಂದಿನದೆಲ್ಲ ಅಡ್ಡದಾರಿ ಹಿಡಿಯುತ್ತದೆ.

ಡಿಮೆನ್ಷಿಯಾ ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ, ಜ್ವರ ಇದ್ದ ಹಾಗೆ ಒಂದು ಸ್ಥಿತಿ. ನೆನಪು, ಮಾತು, ದಾರಿ, ಲೆಕ್ಕ, ವಿವೇಚನೆ ಇವು ಕುಂದಿ, ದಿನದ ಬದುಕನ್ನು ತಾನೇ ನಡೆಸಿಕೊಳ್ಳಲು ಆಗದ ಸ್ಥಿತಿ. ಹಿಂದೆ ಇರುವ ಕಾಯಿಲೆ ಬೇರೆ ಬೇರೆ. ಹೈದರಾಬಾದಿನ 648ರಲ್ಲಿ ಆಲ್ಝೈಮರ್ 240, ಮೆದುಳಿನ ರಕ್ತನಾಳ ಕಟ್ಟಿ ಬರುವ ವ್ಯಾಸ್ಕ್ಯುಲರ್ ಬಗೆ 189, ಹಣೆ ಮತ್ತು ಕಪಾಲದ ಪಕ್ಕದ ಭಾಗ ಸವೆಯುವ ಫ್ರಂಟೊಟೆಂಪೊರಲ್ 116, ಮೆದುಳಿನ ಕೋಶಗಳಲ್ಲಿ ಪ್ರೋಟೀನಿನ ಗಂಟು ಕಟ್ಟುವ ಲೂವಿ ಬಾಡಿ 55, ಮಿಶ್ರ ಬಗೆ 48. ಇವನ್ನು ಬೇರ್ಪಡಿಸಿದ್ದು ಯಾಕೆ ಮುಖ್ಯ ಎಂದು ಆಮೇಲೆ ಗೊತ್ತಾಗುತ್ತದೆ.

ಈಗ ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ. ಕಾಯಿಲೆ ಶುರುವಾದ ವಯಸ್ಸು 61 ಎಂದು ಬರೆದುಕೊಳ್ಳುತ್ತೇವಲ್ಲ, ಅದನ್ನು ಕಂಡುಹಿಡಿಯುವುದು ಹೇಗೆ? ಆಸ್ಪತ್ರೆಗೆ ಬಂದ ದಿನ ಅದಲ್ಲ. ರಕ್ತಪರೀಕ್ಷೆಯಿಂದ ಆ ತಾರೀಕು ಸಿಗುವುದಿಲ್ಲ, ಸ್ಕ್ಯಾನಿನಿಂದಲೂ ಸಿಗುವುದಿಲ್ಲ. ರೋಗಿಯ ಜೊತೆ ಒಂದೇ ಮನೆಯಲ್ಲಿರುವವರನ್ನು ಕೂರಿಸಿಕೊಂಡು ಕೇಳಬೇಕು. ‘ಮರೆವು ಯಾವಾಗಿನಿಂದ?’ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ‘ಈಚೆಗೆ, ಒಂದಾರು ತಿಂಗಳಿಂದ’. ಅದು ಕಷ್ಟ ಮಿತಿಮೀರಿದ ದಿನ, ಶುರುವಾದ ದಿನವಲ್ಲ. ಹಾಗಾಗಿ ಕೆಲಸದ ಕಡೆಯಿಂದ ಕೇಳಬೇಕಾಗುತ್ತದೆ. ಸಾರಿಗೆ ಎರಡು ಸಲ ಉಪ್ಪು ಬೀಳಲು ಶುರುವಾದದ್ದು ಯಾವಾಗ? ಅಂಗಡಿಯ ಲೆಕ್ಕವನ್ನು ಮಗ ವಹಿಸಿಕೊಂಡದ್ದು ಯಾಕೆ, ಯಾವ ವರ್ಷ? ಒಂದೇ ಮಾತನ್ನು ಮತ್ತೆ ಮತ್ತೆ ಕೇಳುವುದು ದೊಡ್ಡ ಮಗಳ ಮದುವೆಗೆ ಮುಂಚೆ ಇತ್ತೋ, ಆಮೇಲೋ? ಮದುವೆ, ಗೃಹಪ್ರವೇಶ, ನಿವೃತ್ತಿ, ಮನೆಯಲ್ಲೊಂದು ಸಾವು, ಇಂಥ ಗೂಟಗಳಿಗೆ ಕಟ್ಟಿ ಕೇಳಿದಾಗ ‘ಆರು ತಿಂಗಳು’ ಎಂದದ್ದು ಮೂರು ವರ್ಷವಾಗುವುದುಂಟು.

ಫ್ರಂಟೊಟೆಂಪೊರಲ್ ಬಗೆಯಲ್ಲಿ ಇನ್ನೂ ತೊಡಕು. ಅಲ್ಲಿ ಮೊದಲು ಹೋಗುವುದು ನೆನಪಲ್ಲ, ನಡತೆ. ಮರ್ಯಾದೆಯಿಂದಿದ್ದವರು ಬಂದವರ ಮುಂದೆ ಏನೇನೋ ಆಡುತ್ತಾರೆ, ಸಿಹಿ ತಿನ್ನುವುದು ವಿಪರೀತವಾಗುತ್ತದೆ, ಹೆಂಡತಿ ಅತ್ತರೂ ಏನೂ ಅನಿಸದವರಂತೆ ಕೂತಿರುತ್ತಾರೆ. ಮನೆಯವರು ಅದನ್ನು ಸ್ವಭಾವ ಕೆಟ್ಟಿತು ಅಂದುಕೊಳ್ಳುತ್ತಾರೆ, ಕಾಯಿಲೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೇಳುವವರು ಇದನ್ನು ಬಿಡಿಸಿ ಕೇಳದಿದ್ದರೆ ಶುರುವಾದ ವರ್ಷ ತಪ್ಪಿಹೋಗುತ್ತದೆ.

ಇನ್ನು ಪರೀಕ್ಷೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ 30 ಅಂಕದ ಒಂದು ಪರೀಕ್ಷೆಯಿದೆ, ಎಂಎಂಎಸ್‌ಇ. ಅದರಲ್ಲಿ 100ರಿಂದ ಏಳೇಳು ಕಳೆಯುತ್ತಾ ಹೋಗಬೇಕು: 93, 86, 79. ಇಲ್ಲವೆ ‘ವರ್ಲ್ಡ್’ ಎಂಬ ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದುಮುಂದಾಗಿ ಹೇಳಬೇಕು. ಒಂದು ವಾಕ್ಯ ಬರೆಯಬೇಕು. ಒಂದರ ಮೇಲೊಂದು ಬಿದ್ದ ಎರಡು ಪಂಚಕೋನ ಬಿಡಿಸಬೇಕು. ಜೀವಮಾನದಲ್ಲಿ ಪೆನ್ಸಿಲ್ ಹಿಡಿಯದ ಹೆಂಗಸಿನ ಮುಂದೆ ಇದನ್ನಿಟ್ಟರೆ, ಮೂರು ಎಕರೆ ಬೇಸಾಯದ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿರುವ ಆಕೆಯೂ ಕಾಯಿಲೆಯವಳೆನಿಸಿಕೊಳ್ಳುತ್ತಾಳೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ 1990ರ ದಶಕದಲ್ಲಿ ಸಿದ್ಧವಾದ ಹಿಂದಿ ಪರೀಕ್ಷೆ ಇದನ್ನು ಚೆನ್ನಾಗಿ ತಿದ್ದಿತು. 100ರಿಂದ ಏಳು ಕಳೆಯುವ ಬದಲು 20ರಿಂದ ಮೂರು. ವಾಕ್ಯ ಬರೆಯುವ ಬದಲು ‘ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ’. ‘ಕಣ್ಣು ಮುಚ್ಚಿ’ ಎಂಬ ಬರಹ ಓದಿ ಹಾಗೆ ಮಾಡುವ ಬದಲು ‘ನನ್ನ ಮುಖ ನೋಡಿ, ನಾನು ಮಾಡಿದ ಹಾಗೆ ಮಾಡಿ’.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೊರಳುತ್ತೇನೆ, ಕನ್ನಡದವರಿಗೆ ಇದು ಹತ್ತಿರದ ವಿಷಯ. ಇಂಗ್ಲಿಷಿನ ಪರೀಕ್ಷೆಗಳಲ್ಲಿ ‘ಪಿ ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಹೇಳಿ’ ಎಂಬ ಪ್ರಶ್ನೆಯಿರುತ್ತದೆ. ಇದನ್ನು ಹಾಗೇ ಕನ್ನಡಕ್ಕೆ ತಂದು ‘ಪ ಅಕ್ಷರದಿಂದ’ ಎಂದರೆ ಏನಾಗುತ್ತದೆ ನೋಡಿ. ಪರದೆ, ಪಟ, ಪಲ್ಯ ಬರುತ್ತವೆ. ಪಾತ್ರೆ? ಪೆಟ್ಟಿಗೆ? ಪುಸ್ತಕ? ಕಾಗುಣಿತ ಬಾಯಿಪಾಠ ಮಾಡಿದವರಿಗೆ ‘ಪ’ ಬೇರೆ, ‘ಪಾ’ ಬೇರೆ, ‘ಪು’ ಬೇರೆ. ಪರೀಕ್ಷಕ ಮೊದಲೇ ಹೇಳದಿದ್ದರೆ ನಿಯಮ ಪಾಲಿಸುವ ಶಿಸ್ತಿನ ಮೇಷ್ಟ್ರು ಏಳು ಪದಕ್ಕೆ ನಿಂತುಬಿಡುತ್ತಾರೆ, ಗುಣಿತಾಕ್ಷರವೂ ನಡೆಯುತ್ತದೆ ಅಂದುಕೊಂಡವರು ಹದಿನೈದು ಹೇಳುತ್ತಾರೆ. ಆ ವ್ಯತ್ಯಾಸ ಮೆದುಳಿನದಲ್ಲ, ಲಿಪಿಯದು. ಅಕ್ಷರವೇ ಬಾರದವರಿಗಂತೂ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅವರಿಗೆ ‘ಪ್ರಾಣಿಗಳ ಹೆಸರು ಹೇಳಿ’ ಎನ್ನುವುದೇ ಸರಿ. ಇಂಥ ಕಾರಣಗಳಿಗಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಐದು ಭಾಷೆಗಳಿಗೆ ಹೊಂದುವ ಒಂದು ಪರೀಕ್ಷಾ ಸರಣಿ ಸಿದ್ಧವಾಯಿತು. ಅಲ್ಲಾಡಿಯವರೂ ಅದರಲ್ಲಿದ್ದಾರೆ. ಪ್ರಶ್ನೆಯನ್ನು ಅನುವಾದಿಸಿದರೆ ಸಾಲದು, ಅಷ್ಟೇ ಕಷ್ಟದ ಇನ್ನೊಂದು ಪ್ರಶ್ನೆಯನ್ನು ಹುಟ್ಟಿಸಬೇಕು. ಮೂಲ ಪರೀಕ್ಷೆಯೊಂದರಲ್ಲಿ ನೆನಪಿಡಬೇಕಾದ ವಿಳಾಸ ಇಂಗ್ಲೆಂಡಿನ ಡೆವನ್ ಕೌಂಟಿಯದು. ಅದನ್ನು ಕರೀಂನಗರದ ಅಜ್ಜನಿಗೆ ಹೇಳಿ, ಐದು ನಿಮಿಷ ಬಿಟ್ಟು ಮರೆತರು ಎಂದು ಅಂಕ ಕಳೆದರೆ ಅದು ನ್ಯಾಯವಲ್ಲ.

ಅಧ್ಯಯನಕ್ಕೆ ವಾಪಸು ಬರೋಣ. ಈ ಪ್ರಶ್ನೆಯನ್ನು ಮೊದಲು ಎತ್ತಿದ್ದು ಕೆನಡಾದ ಟೊರಾಂಟೊದಲ್ಲಿ. ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು 2007ರಲ್ಲಿ 184 ರೋಗಿಗಳನ್ನು ನೋಡಿ, ಎರಡು ಭಾಷೆಯವರಲ್ಲಿ ಕಾಯಿಲೆ ಸುಮಾರು 4 ವರ್ಷ ತಡವಾಗಿ ಕಾಣಿಸಿತ್ತು ಎಂದರು. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಎರಡು ಭಾಷೆಯವರೆಂದರೆ ಬಹುಪಾಲು ವಲಸೆ ಬಂದವರು. ದೇಶ ಬಿಟ್ಟು ಹೊಸ ಊರಿನಲ್ಲಿ ನೆಲೆ ನಿಲ್ಲುವವರು ಮೊದಲೇ ಗಟ್ಟಿ ಆರೋಗ್ಯದವರಿರಬಹುದು, ಊಟ ತಿಂಡಿ ಬೇರೆ ಇರಬಹುದು. ನಾಲ್ಕು ವರ್ಷ ಭಾಷೆಯಿಂದ ಬಂತೋ, ವಲಸೆಯಿಂದ ಬಂತೋ?

ಹೈದರಾಬಾದ್ ಈ ಗಂಟನ್ನು ಬಿಡಿಸಲು ಹೇಳಿ ಮಾಡಿಸಿದ ಊರು. ಅಲ್ಲಿ ತೆಲುಗು, ದಖನಿ ಉರ್ದು, ಹಿಂದಿ, ಇಂಗ್ಲಿಷ್ ಒಂದೇ ಬೀದಿಯಲ್ಲಿವೆ. ತೆಲುಗು ಮನೆಯ ಹುಡುಗ ಮಾರುಕಟ್ಟೆಯಲ್ಲಿ ಉರ್ದು ಕಲಿಯುವುದಕ್ಕೆ ಎಲ್ಲಿಗೂ ವಲಸೆ ಹೋಗಬೇಕಿಲ್ಲ. ಯಾರನ್ನು ಎರಡು ಭಾಷೆಯವರೆಂದು ಎಣಿಸಬೇಕು ಎಂಬುದಕ್ಕೂ ತಂಡ ಪುಸ್ತಕದ ಅಳತೆ ಇಡಲಿಲ್ಲ. ತನ್ನ ಮತ್ತು ಸಮಾಜದ ದಿನನಿತ್ಯದ ವ್ಯವಹಾರವನ್ನು ಎರಡು ಭಾಷೆಯಲ್ಲಿ ನಡೆಸಬಲ್ಲವರು ಎಂಬುದೇ ಅಳತೆ. ಓದು ಬರಹ ಬರಬೇಕೆಂಬ ನಿಯಮವಿಲ್ಲ.

ಇದರಿಂದಲೇ ಇಡೀ ಅಧ್ಯಯನದ ನನ್ನ ಮಟ್ಟಿಗಿನ ಅತಿ ಮುಖ್ಯ ಫಲ ಸಿಕ್ಕಿತು. ಎರಡು ಭಾಷೆಯವರು ಸಾಮಾನ್ಯವಾಗಿ ಹೆಚ್ಚು ಓದಿದವರು. ಓದು ಮೆದುಳನ್ನು ಕಾಯುತ್ತದೆ ಎಂಬುದಕ್ಕೆ ಬೇರೆಡೆ ಬೇಕಾದಷ್ಟು ಪುರಾವೆ ಇದೆ. ಹಾಗಾದರೆ ಆ ನಾಲ್ಕೂವರೆ ವರ್ಷ ಶಾಲೆಯದೇ ಇರಬಹುದಲ್ಲ? ತಂಡ ಅನಕ್ಷರಸ್ಥ ರೋಗಿಗಳನ್ನಷ್ಟೇ ಬೇರೆ ತೆಗೆದು ನೋಡಿತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು 6 ವರ್ಷ ತಡವಾಗಿ ಕಾಣಿಸಿತ್ತು. ವಿದ್ಯಾಭ್ಯಾಸ, ಗಂಡು ಹೆಣ್ಣು, ಉದ್ಯೋಗ, ಹಳ್ಳಿ ಪಟ್ಟಣ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದಮೇಲೂ ಭಾಷೆಯ ಪರಿಣಾಮ ಉಳಿಯಿತು. ಮೂರು ನಾಲ್ಕು ಭಾಷೆ ಬಂದರೆ ಇನ್ನಷ್ಟು ಲಾಭವೇ ಎಂದರೆ, ಇಲ್ಲ. ಎರಡಕ್ಕೆ ಸಿಕ್ಕಿದ್ದೇ ಸಿಕ್ಕಿದ್ದು.

ಕಾಯಿಲೆಯ ಬಗೆಗಳ ಪ್ರಕಾರ ನೋಡಿದರೆ ಆಲ್ಝೈಮರ್‌ನಲ್ಲಿ 3.2 ವರ್ಷ, ವ್ಯಾಸ್ಕ್ಯುಲರ್‌ನಲ್ಲಿ 3.7, ಫ್ರಂಟೊಟೆಂಪೊರಲ್‌ನಲ್ಲಿ 6. ಲೂವಿ ಬಾಡಿಯಲ್ಲಿ, ಮಿಶ್ರ ಬಗೆಯಲ್ಲಿ ನಂಬಬಹುದಾದ ಅಂತರ ಸಿಗಲಿಲ್ಲ. ಆ ಗುಂಪುಗಳು ಚಿಕ್ಕವು ಎಂಬುದನ್ನೂ ಮರೆಯಬಾರದು. ಫ್ರಂಟೊಟೆಂಪೊರಲ್‌ನಲ್ಲೇ ಅತಿ ಹೆಚ್ಚು ಬಂದದ್ದು ಯಾಕೆ? ಎರಡು ಭಾಷೆಯವರ ತಲೆಯಲ್ಲಿ ಒಂದು ಭಾಷೆ ಆಡುವಾಗ ಇನ್ನೊಂದು ಮಲಗಿರುವುದಿಲ್ಲ. ಅತ್ತೆಯ ಜೊತೆ ತುಳುವಿನಲ್ಲಿ ಮಾತಾಡುತ್ತಾ ಫೋನ್ ಬಂದ ಕೂಡಲೇ ಕನ್ನಡಕ್ಕೆ ಹೊರಳುವ ಸೊಸೆ, ಆ ಗಳಿಗೆಯಲ್ಲಿ ತುಳು ಪದಗಳನ್ನು ಒತ್ತಿ ಹಿಡಿದು ಕನ್ನಡಕ್ಕೆ ದಾರಿ ಬಿಡಬೇಕು. ಯಾರೊಂದಿಗೆ ಯಾವುದು ಎಂಬ ಎಚ್ಚರ ಸದಾ ಇರಬೇಕು. ಈ ಒತ್ತಿ ಹಿಡಿಯುವ, ಬದಲಾಯಿಸುವ ಕೆಲಸದಲ್ಲಿ ಹಣೆಯ ಹಿಂದಿನ ಮೆದುಳಿಗೆ ದೊಡ್ಡ ಪಾಲಿದೆ. ಫ್ರಂಟೊಟೆಂಪೊರಲ್ ಕಾಯಿಲೆ ಕೆಡಿಸುವುದೂ ಅದನ್ನೇ. ಅಲ್ಲಾಡಿಯವರ ತಂಡ 2017ರಲ್ಲಿ ಇದನ್ನು ಇನ್ನೂ ಬಿಡಿಸಿತು. ನಡತೆ ಕೆಡುವ ಬಗೆಯಲ್ಲಿ ಎರಡು ಭಾಷೆಯವರಿಗೆ 5 ವರ್ಷಕ್ಕಿಂತ ಹೆಚ್ಚು ಅಂತರ ಸಿಕ್ಕಿತು, ಮಾತೇ ಕೆಡುವ ಬಗೆಗಳಲ್ಲಿ ಸಿಗಲಿಲ್ಲ. ಅಂದರೆ ಎರಡು ಭಾಷೆಯಿಂದ ಗಟ್ಟಿಯಾಗುವುದು ಭಾಷೆಯ ಉಗ್ರಾಣವಲ್ಲ, ಅದರ ಉಸ್ತುವಾರಿ.

2016ರಲ್ಲಿ ಪಾರ್ಶ್ವವಾಯು ಆದವರಲ್ಲೂ ಇದೇ ಕಂಡಿತು. 608 ರೋಗಿಗಳಲ್ಲಿ, ಪಾರ್ಶ್ವವಾಯುವಿನ ನಂತರ ಬುದ್ಧಿಶಕ್ತಿ ಸರಿಯಾಗಿ ಉಳಿದವರು ಎರಡು ಭಾಷೆಯವರಲ್ಲಿ 40.5%, ಒಂದೇ ಭಾಷೆಯವರಲ್ಲಿ 19.6%. ಮಾತು ಬಿದ್ದುಹೋಗುವುದರಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ.

ತಡವಾಗಿ ಕಾಣಿಸುವುದು ಎಂದರೆ ಒಳಗೆ ಕಾಯಿಲೆ ತಡವಾಗಿ ಹುಟ್ಟಿತು ಎಂದೇನಲ್ಲ. ಟೊರಾಂಟೊದಲ್ಲೇ 2012ರಲ್ಲಿ, ಪರೀಕ್ಷೆಯಲ್ಲಿ ಸಮಾನ ಅಂಕ ಪಡೆದ ಆಲ್ಝೈಮರ್ ರೋಗಿಗಳ ಸಿ.ಟಿ. ಸ್ಕ್ಯಾನ್‌ಗಳನ್ನು ಹೋಲಿಸಿದರು. ಎರಡು ಭಾಷೆಯವರ ಮೆದುಳೇ ಹೆಚ್ಚು ಸವೆದಿತ್ತು. 2017ರಲ್ಲಿ ಇಟಲಿಯಲ್ಲಿ, ಜರ್ಮನ್ ಮತ್ತು ಇಟಾಲಿಯನ್ ಎರಡನ್ನೂ ಆಡುವ ರೋಗಿಗಳನ್ನು ಪೆಟ್ ಸ್ಕ್ಯಾನಿನಲ್ಲಿ ನೋಡಿದಾಗಲೂ ಅವರ ಮೆದುಳಿನ ಚಟುವಟಿಕೆ ಇನ್ನೂ ಹೆಚ್ಚು ಕುಸಿದಿತ್ತು, ವಯಸ್ಸೂ ಹೆಚ್ಚಾಗಿತ್ತು. ಹಾನಿ ಜಾಸ್ತಿ, ಆದರೂ ಬದುಕು ನಡೆಯುತ್ತಿದೆ. ಇದಕ್ಕೆ ಸಂಶೋಧಕರು ಕಾಗ್ನಿಟಿವ್ ರಿಸರ್ವ್ ಅನ್ನುತ್ತಾರೆ, ನಾವು ಕೂಡಿಟ್ಟ ಕಸುವು ಅನ್ನಬಹುದು. ಮುಖ್ಯ ರಸ್ತೆ ಕಿತ್ತುಹೋದರೂ ಒಳದಾರಿ ಬಲ್ಲವರು ಊರು ಸೇರುತ್ತಾರೆ. ಒಳದಾರಿಗಳೂ ಮುಚ್ಚಿದ ದಿನ ಒಮ್ಮೆಲೇ ನಿಂತುಹೋಗುತ್ತಾರೆ. ಅದಕ್ಕೇ ಇಂಥವರಲ್ಲಿ ಕಾಯಿಲೆ ಹೊರಗೆ ಕಾಣುವ ಹೊತ್ತಿಗೆ ಒಳಗೆ ಬಹಳ ಮುಂದುವರಿದಿರುತ್ತದೆ. ಮೊನ್ನೆಯವರೆಗೂ ಚೆನ್ನಾಗಿದ್ದರು ಎಂದು ಮನೆಯವರು ಹೇಳುವುದು ಸುಳ್ಳಲ್ಲ.

ಈಗ ಈ ಅಧ್ಯಯನದ ದುರ್ಬಲ ಜಾಗ. ನಾನು ಇದನ್ನು ಮೆಚ್ಚುತ್ತೇನೆ, ಅದಕ್ಕಾಗಿಯೇ ಇದನ್ನೂ ಹೇಳಬೇಕು. ನಮ್ಮಲ್ಲಿ ‘ಅರವತ್ತಕ್ಕೆ ಅರಳುಮರಳು’ ಎಂಬ ಮಾತಿದೆ. ಒಂದು ಹಳ್ಳಿಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. 78 ವರ್ಷದ ಅಜ್ಜಿ ಊಟ ಮಾಡಿ ಕೈತೊಳೆದು ‘ಇನ್ನೂ ಅನ್ನ ಹಾಕಲಿಲ್ಲ’ ಅನ್ನುತ್ತಾಳೆ. ಅರಳುಮರಳು ಎಂದು ಬಿಡುತ್ತಾರೆ, ಆಸ್ಪತ್ರೆಗೆ ಕರೆತರುವುದಿಲ್ಲ. ಅದೇ ಮನೆಯ 55ರ ಗಂಡಸು ಹೊಲದ ದಾರಿ ತಪ್ಪಿದರೆ ಮರುದಿನವೇ ಬಸ್ಸು ಹತ್ತಿಸುತ್ತಾರೆ. ಒಂದೇ ಭಾಷೆಯವರು ಹಳ್ಳಿಗಳಲ್ಲಿ ಹೆಚ್ಚು ಎಂದಾದರೆ, ಅವರಲ್ಲಿ ಚಿಕ್ಕ ವಯಸ್ಸಿಗೆ ಕಾಯಿಲೆ ಬಂದವರಷ್ಟೇ ಕ್ಲಿನಿಕ್ಕಿಗೆ ಬಂದು, ಸರಾಸರಿ ತಾನಾಗಿಯೇ ಕೆಳಗಿಳಿದುಬಿಡುತ್ತದೆ. ಹಳ್ಳಿ ಪಟ್ಟಣದ ಲೆಕ್ಕವನ್ನು ತಂಡ ಹಿಡಿದಿತ್ತು, ನಿಜ. ಆದರೆ ಬಂದವರನ್ನು ಎಷ್ಟು ಚೆನ್ನಾಗಿ ವಿಂಗಡಿಸಿದರೂ ಬಾರದೆ ಉಳಿದವರು ಲೆಕ್ಕಕ್ಕೆ ಬರುವುದಿಲ್ಲ. ಕ್ಲಿನಿಕ್ಕಿನಲ್ಲಿ ಕೂತು ಮಾಡುವ ಎಲ್ಲ ಅಧ್ಯಯನಗಳಿಗೂ ಇದೇ ಕಷ್ಟ.

ಇದಕ್ಕೆ ಪರಿಹಾರ, ಆರೋಗ್ಯವಾಗಿರುವವರನ್ನು ಮೊದಲೇ ಗುರುತಿಸಿ ವರ್ಷಾನುಗಟ್ಟಲೆ ಹಿಂಬಾಲಿಸುವುದು. ನ್ಯೂಯಾರ್ಕಿನಲ್ಲಿ ಹಾಗೆ 1,067 ಸ್ಪ್ಯಾನಿಷ್ ಭಾಷಿಕರನ್ನು ಹಿಂಬಾಲಿಸಿದರು. 2014ರಲ್ಲಿ ಬಂದ ಫಲಿತಾಂಶದಲ್ಲಿ, ಇಂಗ್ಲಿಷ್ ಬಂದವರಿಗೂ ಬಾರದವರಿಗೂ ಡಿಮೆನ್ಷಿಯಾ ಬರುವುದರಲ್ಲಿ ವ್ಯತ್ಯಾಸವಿರಲಿಲ್ಲ. ಇಂಥ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2017ರಲ್ಲಿ ಮಾಡಿದ ವಿಶ್ಲೇಷಣೆಯೂ ಅದನ್ನೇ ಹೇಳಿತು. ಬರುವುದು ತಪ್ಪುವುದಿಲ್ಲ, ಕಾಣುವುದು ತಡವಾಗಬಹುದು. ಸದ್ಯಕ್ಕೆ ಪುರಾವೆ ನಿಂತಿರುವುದು ಇಲ್ಲಿ ಎಂದು ನನ್ನ ತಿಳಿವಳಿಕೆ.

ಇನ್ನೊಂದು ಆಕ್ಷೇಪ, ಚುರುಕು ಬುದ್ಧಿಯವರೇ ಭಾಷೆ ಕಲಿಯುತ್ತಾರೆ, ಲಾಭ ಆ ಚುರುಕಿನದು ಎಂಬುದು. ಹೈದರಾಬಾದ್ ಅಧ್ಯಯನದಲ್ಲೂ ಪಾಲ್ಗೊಂಡಿದ್ದ ಎಡಿನ್‌ಬರೋದ ಥಾಮಸ್ ಬಾಕ್ ಇದಕ್ಕೆ ಸೊಗಸಾದ ದಾರಿ ಕಂಡುಕೊಂಡರು. ಸ್ಕಾಟ್‌ಲೆಂಡಿನಲ್ಲಿ 1936ರಲ್ಲಿ ಹುಟ್ಟಿದ ಮಕ್ಕಳಿಗೆ 1947ರಲ್ಲಿ, 11ನೇ ವಯಸ್ಸಿನಲ್ಲಿ, ಬುದ್ಧಿಶಕ್ತಿಯ ಪರೀಕ್ಷೆ ಮಾಡಿಟ್ಟಿದ್ದರು. ಅವರಲ್ಲಿ 853 ಜನರನ್ನು ಎಪ್ಪತ್ತು ದಾಟಿದ ಮೇಲೆ ಮತ್ತೆ ಪರೀಕ್ಷಿಸಲಾಗಿತ್ತು. ಎರಡನೆಯ ಭಾಷೆ ಬಂದವರು, 11ರ ಅಂಕಗಳಿಂದ ನಿರೀಕ್ಷಿಸಬಹುದಾದುದಕ್ಕಿಂತ ಚೆನ್ನಾಗಿ ಮಾಡಿದ್ದರು. ದೊಡ್ಡವರಾದ ಮೇಲೆ ಕಲಿತವರೂ ಅವರಲ್ಲಿದ್ದರು. ಡಿಮೆನ್ಷಿಯಾ ಬರುತ್ತದೋ ಇಲ್ಲವೋ ಎಂಬುದಕ್ಕೆ ಇದು ಉತ್ತರವಲ್ಲ, ಆದರೆ ಆಕ್ಷೇಪದ ಬಲವನ್ನು ಬಹಳಷ್ಟು ಇಳಿಸುತ್ತದೆ.

ಹಾಗಾದರೆ ಅರವತ್ತಾದವರು ಈಗ ಹೊಸ ಭಾಷೆ ಕಲಿಯಬೇಕೇ? ಕಲಿಯಿರಿ, ಸಂತೋಷಕ್ಕಾಗಿ. ಮೆದುಳಿನ ರಕ್ಷಣೆಗೆ ಮೊದಲು ನೋಡಬೇಕಾದ್ದು ಬೇರೆ. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಡಿಮೆನ್ಷಿಯಾ ಕುರಿತು ನೇಮಿಸಿದ ತಜ್ಞರ ಆಯೋಗದ 2024ರ ಪಟ್ಟಿಯಲ್ಲಿ, ನಾವು ಬದಲಾಯಿಸಬಹುದಾದ 14 ಕಾರಣಗಳಿವೆ. ಬಿ.ಪಿ., ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಕಣ್ಣಿನ ಪೊರೆಯಂಥ ದೃಷ್ಟಿದೋಷ, ಧೂಮಪಾನ, ಖಿನ್ನತೆ, ಒಂಟಿತನ, ಕಡಿಮೆ ಶಾಲೆ ಅದರಲ್ಲಿವೆ. ಅವೆಲ್ಲವನ್ನೂ ಸರಿಪಡಿಸಿದರೆ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದು ಎಂಬುದು ಅವರ ಅಂದಾಜು. ಎರಡನೆಯ ಭಾಷೆ ಆ ಪಟ್ಟಿಯಲ್ಲಿಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಅವರ ಮನೆಗಳಿಗೆ ಇವತ್ತು ಉಪಯೋಗಕ್ಕೆ ಬರುವ ಮಾತು ಇನ್ನೊಂದಿದೆ.

ಮನೆಯ ಹಿರಿಯರನ್ನು ಪರೀಕ್ಷೆಗೆ ಕರೆದೊಯ್ಯುವಾಗ ಅವರ ಮನೆಮಾತು ಯಾವುದು ಎಂದು ವೈದ್ಯರಿಗೆ ಮೊದಲೇ ಹೇಳಿ. ಮಂಗಳೂರಿನ ಕಡೆಯ ಕೊಂಕಣಿ ಮನೆಯವರನ್ನು ಬೆಂಗಳೂರಿನಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪರೀಕ್ಷಿಸಿದರೆ ಅಂಕ ಇಳಿಯಬಹುದು. ಆಗ ಇಳಿದದ್ದು ನೆನಪೋ, ಭಾಷೆಯೋ ಗೊತ್ತಾಗುವುದಿಲ್ಲ. ಕನ್ನಡಕ, ಕಿವಿಯ ಮಿಷನ್ ಮರೆಯದೆ ಒಯ್ಯಿರಿ. ಪ್ರಶ್ನೆ ಕೇಳಿಸದೆ ತಪ್ಪು ಹೇಳಿದರೂ ಅದು ತಪ್ಪೆಂದೇ ಗುರುತಾಗುತ್ತದೆ. ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ನಿದ್ರೆಯ ಮಾತ್ರೆಯೂ ಮರೆವಿಗೆ ಕಾರಣವಾಗುತ್ತದೆ. ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಬಿಡಬೇಡಿ, ಅವು ಕಡಿಮೆಯಾಗಿ ಬರುವ ಮರೆವಿಗೆ ಔಷಧಿಯಿದೆ. ತಿಂಗಳ ಹಿಂದೆ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಅದನ್ನೂ ಹೇಳಿ. ಒಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡಿದ್ದರೆ ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು.

ಕಾಯಿಲೆ ಮುಂದುವರಿದಂತೆ ಅನೇಕರು ಬಾಲ್ಯದ ಭಾಷೆಗೆ ಹಿಂದಿರುಗುತ್ತಾರೆ. ಮೊಮ್ಮಕ್ಕಳಿಗೆ ಆ ಭಾಷೆ ಬರುವುದಿಲ್ಲ. ‘ಅಜ್ಜಿ, ಕನ್ನಡದಲ್ಲಿ ಹೇಳಿ’ ಎಂದು ಒತ್ತಾಯಿಸಬೇಡಿ. ಹಟ ಮಾಡಿ ಹಾಗೆ ಆಡುತ್ತಿಲ್ಲ, ಒತ್ತಿ ಹಿಡಿಯುವ ಆ ಉಸ್ತುವಾರಿಯೇ ಸಡಿಲವಾಗಿದೆ. ನೀರು, ನೋವು, ಬಚ್ಚಲು, ಹಸಿವು, ಚಳಿ ಇಂಥ ಇಪ್ಪತ್ತು ಪದಗಳನ್ನು ಅವರ ಭಾಷೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ, ನೋಡಿಕೊಳ್ಳುವ ಆಯಾಗೂ ಕಲಿಸಿ. ಅರ್ಧ ಸಿಡಿಮಿಡಿ ಅಲ್ಲೇ ಇಳಿಯುತ್ತದೆ.

ಕೊನೆಗೆ ನಮ್ಮ ಪಕ್ಕದ ಒಂದು ಕೆಲಸ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಜನರನ್ನು ಹಿಂಬಾಲಿಸುವ ಗುರಿಯಿಟ್ಟು ಅಧ್ಯಯನ ನಡೆಸುತ್ತಿದೆ. ಆ ಕೇಂದ್ರವನ್ನು ಕಟ್ಟಿ ನಿಲ್ಲಿಸಿದವರು ವಿಜಯಲಕ್ಷ್ಮಿ ರವೀಂದ್ರನಾಥ್. ಕಾಯಿಲೆ ಬರುವ ಮುಂಚೆಯೇ ಶುರು ಮಾಡುವುದರಿಂದ, ಕ್ಲಿನಿಕ್ಕಿಗೆ ಬಾರದೆ ಉಳಿಯುವ ಅಜ್ಜಿಯೂ ಇಂಥ ಕೆಲಸದಲ್ಲಿ ಲೆಕ್ಕಕ್ಕೆ ಸಿಗುತ್ತಾಳೆ. ಆದರೆ ಆ ಗಡಿ ಸೀಮೆ ಕನ್ನಡ ತೆಲುಗು ಎರಡರದ್ದೂ. ಅಂಥ ಕಡೆ ಒಂದೇ ಭಾಷೆಯವರನ್ನು ಹುಡುಕಿ ಹೋಲಿಸುವುದೇ ಕಷ್ಟವಾದೀತು. ಎರಡು ಭಾಷೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿ ಸಾಲದು. ಹೆಂಡತಿಯ ಜೊತೆ ಯಾವುದು, ಸಂತೆಯಲ್ಲಿ ಯಾವುದು, ಲೆಕ್ಕ ಹಾಕುವಾಗ ಮನಸ್ಸಿನಲ್ಲಿ ಯಾವುದು, ದಿನಕ್ಕೆ ಎಷ್ಟು ಸಲ ಒಂದರಿಂದ ಒಂದಕ್ಕೆ ಹೊರಳುತ್ತೀರಿ ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕಾಗುತ್ತದೆ.